ರುಚಿ ನೋಡದ ಶೀನಣ್ಣ

ಚಾಮರಾಜಪೇಟೆಯ ಆ ಬೀದಿಗಳಲ್ಲಿ ಮುಂಜಿಯಿರಲಿ, ಆರಾಧನೆಯಿರಲಿ, ಹಯಗ್ರೀವ ಮಾಡಲು ಶೀನಣ್ಣನವರೇ ಬರಬೇಕು. ಬೆಂದ ಕಡಲೆಬೇಳೆಗೆ ಬೆಲ್ಲ, ತುಪ್ಪ ಬಿದ್ದು ಸಿಹಿ ಗಟ್ಟಿಯಾಗುತ್ತಿದ್ದರೆ, ಸೌಟು ತಿರುಗುವ ಸದ್ದು ಕೇಳಿಯೇ ಅವರು ಹದ ಹೇಳುತ್ತಾರೆ. ಬಾಯಿಗೆ ಒಂದು ಕಾಳೂ ಹಾಕರು. ನೈವೇದ್ಯಕ್ಕೆ ಮುಂಚೆ ರುಚಿ ನೋಡಿದರೆ ಎಂಜಲಾಯಿತಲ್ಲ! ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲಂತೂ ನೈವೇದ್ಯದ ನಂತರವೂ ಅವರ ಪಾಲಿಗೆ ತೀರ್ಥ, ತುಳಸಿ ಅಷ್ಟೇ.

ಅಂಥವರ ಸಕ್ಕರೆ ಹೋದ ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಏರಿತು. ಮಾತ್ರೆ ಹೆಚ್ಚಿಸಿದರೂ ಇಳಿಯಲೊಲ್ಲದು. ಇಳಿದದ್ದು ತೂಕ, ಉಟ್ಟ ಪಂಚೆ ನಿಲ್ಲದೆ ಜಾರುತ್ತಿತ್ತು.

ಅಡುಗೆಗೆ ಜೊತೆಯಾಗುವ ತಮ್ಮ ವಾದಿರಾಜನಿಗೆ ಅದೇ ತಮಾಷೆ. "ಏನ್ ಶೀನಣ್ಣ, ಮದುವಣಿಗನ ಥರ ಸಣ್ಣ ಆಗ್ತಿದೀಯ, ಸಕ್ಕರೆ ಮಾತ್ರ ಜಾಸ್ತಿ! ಬಾಣಲೆ ಹಿಂದೆ ಏನ್ ನಡಿಯುತ್ತೋ ರಾಯರೇ ಬಲ್ಲರು."

"ಹಪ್ಪಳ ಕದಿಯೋ ಬುದ್ಧಿ ನಿಂದು ಕಣೋ, ನಂದಲ್ಲ."

ಎಲ್ಲರೂ ನಕ್ಕರು. ಶೀನಣ್ಣನವರ ಹೆಂಡತಿ ಚೂಡಾಮಣಿ ನಗಲಿಲ್ಲ. ಬಡಿಸುವ ಕೈ ಅವಳದು. ಊಟ ಒಂದು ತುತ್ತೂ ಕಮ್ಮಿಯಾಗಿಲ್ಲ, ಸಿಹಿ ಮನೆಯೊಳಗೇ ಇಲ್ಲ. ಮತ್ತೆ ಈ ಮನುಷ್ಯ ಕರಗುತ್ತಿರುವುದು ಎಲ್ಲಿಗೆ?

ಗಂಡನನ್ನು ಎಳೆದುಕೊಂಡೇ ಡಾಕ್ಟರ್ ಸುಪ್ರಜಾ ಬಳಿ ಹೋದಳು. ಡಾಕ್ಟರೂ ನಕ್ಕರು. "ಅಡುಗೆಯವರಿಗೆ ಬಾಯಿ ಕಟ್ಟೋದು ಕಷ್ಟ ಅಲ್ವಾ ಅಮ್ಮ?"

"ದೇವರ ಎಡೆಗಿಂತ ಮುಂಚೆ ನಾಲಿಗೆಗೆ ಮುಟ್ಟಿಸೋರಲ್ಲ ಇವರು. ಆಮೇಲೂ ಮುಟ್ಟಲ್ಲ. ಕದ್ದು ತಿಂದಿದ್ರೆ ತೂಕ ಏರಬೇಕಿತ್ತಲ್ಲ, ಇಳಿಯೋದ್ಯಾಕೆ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಈ ವಯಸ್ಸಲ್ಲಿ ತೂಕ ಇಳೀತಾ ಸಕ್ಕರೆ ಏರಿದ್ರೆ ಹೊಟ್ಟೆ ಸ್ಕ್ಯಾನ್ ಒಂದು ಮಾಡಿಸಿಬಿಡೋಣ. ಎಲ್ಲರಿಗೂ ಏನೋ ಇದ್ದೇ ಇರುತ್ತೆ ಅಂತಲ್ಲ."

ಇತ್ತು. ಇನ್ಸುಲಿನ್ ತಯಾರಾಗುವ ಪ್ಯಾಂಕ್ರಿಯಾಸ್‌ನ ತುದಿಯಲ್ಲಿ, ನೆನೆದ ಕಡಲೆಯಷ್ಟು ಗಂಟು. ಕ್ಯಾನ್ಸರ್.

"ಇದು ಸಾಮಾನ್ಯವಾಗಿ ಕೈಮೀರಿದ ಮೇಲೇ ಗೊತ್ತಾಗೋದು," ಎಂದರು ಡಾಕ್ಟರ್. "ನಿಮ್ಮದು ಬೇಗ ಸಿಕ್ಕಿದೆ, ತೆಗೀಬಹುದು. ಸಕ್ಕರೆನೇ ಚಾಡಿ ಹೇಳ್ತು ನೋಡಿ."

ಅಂದಿನಿಂದ ಆ ಮನೆಯಲ್ಲಿ ಯಾರ ಬಾಯಲ್ಲೂ 'ಮುಂದಿನ ವರ್ಷ' ಎಂಬ ಮಾತು ಬರಲಿಲ್ಲ.

ಆಪರೇಷನ್ ಆಯಿತು. ಕೀಮೋ ಶುರುವಾಗುವ ಮುನ್ನ ಡಾಕ್ಟರ್ ಚೂಡಾಮಣಿಯ ಕೈ ಹಿಡಿದು ಹೇಳಿದರು: "ಗೆದ್ವಿ ಅಂತ ಈಗಲೇ ಹೇಳಲಾರೆ ಅಮ್ಮ. ಆದ್ರೆ ಸಕ್ಕರೆ ಹಿಡಿತದಲ್ಲಿದ್ರೆ ಗಾಯ ಚೆನ್ನಾಗಿ ಮಾಯುತ್ತೆ, ಔಷಧಿ ತಡ್ಕೊಳ್ಳೋಕೂ ಶಕ್ತಿ ಇರುತ್ತೆ. ಆ ಕೆಲಸ ನಿಮ್ದು."

ಚೂಡಾಮಣಿ ಇನ್ಸುಲಿನ್ ಕೊಡಲು ಕಲಿತಳು. ಮೊದಲ ಸಲ ಸೂಜಿ ಹಿಡಿದು ಹಿಂದೆ ಸರಿದಳು. ಶೀನಣ್ಣನವರೇ ಧೈರ್ಯ ಹೇಳಿದರು. "ಮದುವೆಯಾದಾಗಿಂದ ಮಾತಲ್ಲಿ ಚುಚ್ಚಿ ಅಭ್ಯಾಸ ಇದೆಯಲ್ಲ, ಹೆದರ್ತೀಯ ಯಾಕೆ?"

"ಹೊಟ್ಟೆ ತೋರ್ಸಿ ಸುಮ್ನೆ!" ಎಂದು ನಕ್ಕಳು. ನಗುತ್ತಲೇ ಸೂಜಿ ಚುಚ್ಚಿದಳು.

ಮತ್ತೆ ಶ್ರಾವಣ ಬಂತು. ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ರಾಯರ ಆರಾಧನೆಗೆ ಶೀನಣ್ಣನವರು ಕುರ್ಚಿ ಹಾಕಿಸಿಕೊಂಡು ಕೂತರು. ಸೌಟು ವಾದಿರಾಜನದು, ಕಿವಿ ಇವರದು. "ಬೆಂಕಿ ಇಳ್ಸೋ, ತಳ ಹಿಡೀತಿದೆ!"

ನೈವೇದ್ಯವಾಯಿತು. ಇನ್ಸುಲಿನ್ ನೋಡಿಕೊಂಡು ಒಂದು ಚಮಚ ಪ್ರಸಾದ ತಿನ್ನಬಹುದೆಂದು ಡಾಕ್ಟರ್ ಒಪ್ಪಿದ್ದರು. ಎಷ್ಟೋ ವರ್ಷದ ಮೇಲೆ ಶೀನಣ್ಣನವರು ತಮ್ಮ ಅಳತೆಯ ಹಯಗ್ರೀವವನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಚೂಡಾಮಣಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಬೆಲ್ಲ ಒಂಚೂರು ಕಮ್ಮಿ ಕಣೇ! ಇಷ್ಟು ವರ್ಷ ಒಬ್ಬರೂ ಹೇಳ್ಲಿಲ್ವಲ್ಲ?"

ಪಂಕ್ತಿಯೇ ಗೊಳ್ಳೆಂದಿತು. ಚೂಡಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದಕ್ಕೇನಂತೆ ಬಿಡಿ. ಮುಂದಿನ ವರ್ಷ ಒಂದಚ್ಚು ಬೆಲ್ಲ ಜಾಸ್ತಿ ಹಾಕೋಣ."