ಮುಚ್ಚಳದ ಮೇಲೆ ಏನಿತ್ತು

ಅರಸೀಕೆರೆಯವನೊಬ್ಬ ಹಳೆಯ ರಷ್ಯನ್ ಜೇಬುಗಡಿಯಾರಗಳನ್ನು ಕೂಡಿಡುತ್ತಾನೆ ಎಂದರೆ, ಕೇಳಿದವರು ಕತೆಯ ಮೊದಲರ್ಧವನ್ನು ತಾವೇ ಬರೆದುಕೊಂಡುಬಿಡುತ್ತಾರೆ. ಜಂಕ್ಷನ್ ಊರು. ತಾತ ರೈಲ್ವೆ ಗಾರ್ಡ್ ಆಗಿರಬೇಕು. ಕೋಟಿನ ಜೇಬಿನಿಂದ ಸರಪಳಿ ಇಳಿಬಿದ್ದಿರಬೇಕು. ಸಾಯುವ ಮುಂಚೆ ಮೊಮ್ಮಗನ ಅಂಗೈಗೆ ಗಡಿಯಾರ ಇಟ್ಟಿರಬೇಕು.

ನಮ್ಮ ತಾತ ರೈಲು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದರು. ಹೊತ್ತು ತಿಳಿಯಲು ತೆಂಗಿನ ಮರದ ನೆರಳು ನೋಡುತ್ತಿದ್ದರು ಎಂದು ಬರೆಯಲು ಕೈ ಮುಂದಾಗುತ್ತದೆ. ಅದನ್ನು ನಾನು ಕಂಡದ್ದಲ್ಲ, ಚೆನ್ನಾಗಿರುತ್ತದೆ ಎಂದು ಹೊಳೆದದ್ದು. ಹೊಡೆದುಹಾಕಿ. ನನ್ನ ಮೊದಲ ಗಡಿಯಾರ ಬಂದದ್ದು ಕೊರಿಯರ್‌ನಲ್ಲಿ, ಥರ್ಮಾಕೋಲಿನ ನಡುವೆ ಕೂತು. ಮೊಬೈಲಿನಲ್ಲಿ ನೋಡಿ ತರಿಸಿಕೊಂಡದ್ದು.

ರಷ್ಯನ್ನೇ ಏಕೆ ಎಂದರೆ ಅದಕ್ಕೆ ನನ್ನ ಬಳಿ ಗಟ್ಟಿ ಉತ್ತರವಿದೆ. ನಿಪ್ಪಟ್ಟಿನಷ್ಟು ದಪ್ಪ, ಅಂಗೈ ತುಂಬುವ ತೂಕ. ಸಹನೆಯಿದ್ದರೆ ಸಾಕು, ಬಿಚ್ಚಿದವನಿಗೆ ತನ್ನನ್ನು ತೋರಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ, ಹೊರಗಿನ ಚಿತ್ರ ಮಾತ್ರ ಬೇರೆ ಬೇರೆ. ಹಿಂದಿನ ಮುಚ್ಚಳದ ಮೇಲೆ ಒಂದರಲ್ಲಿ ರೈಲು, ಇನ್ನೊಂದರಲ್ಲಿ ಕುದುರೆ, ಮತ್ತೊಂದರಲ್ಲಿ ನಾಯಿಯ ಜೊತೆ ನಿಂತ ಬೇಟೆಗಾರ. ಚಿತ್ರ ನೋಡಿ ಯಂತ್ರವನ್ನು ಹೇಳಲಾಗುವುದಿಲ್ಲ. ಯಂತ್ರ ನೋಡಿ ಚಿತ್ರವನ್ನಂತೂ ಹೇಳಲಾಗುವುದೇ ಇಲ್ಲ. ಈ ಕೊನೆಯ ಮಾತು ಹಳೇಬೀಡಿನಲ್ಲಿ ನನಗೆ ದುಬಾರಿಯಾಯಿತು.

ಬೇಲೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಯವಾದ ಮರಳುಕಾಗದ ಕೇಳುತ್ತಿದ್ದೆ. ಜೇಬಿನಿಂದ ಗಡಿಯಾರ ತೆಗೆದು ನೋಡಿದೆ. ಅಂಗಡಿಯವರು ಕೌಂಟರಿನ ಮೇಲೆ ಬಗ್ಗಿದರು.

“ನಮ್ಮನೇಲೂ ಇಂಥದ್ದೊಂದೈತೆ ಸಾರ್. ಅಪ್ಪಂದು. ನಮ್ಮಮ್ಮ ಯಾರಿಗೂ ಮುಟ್ಟಕ್ಕೆ ಬಿಡಲ್ಲ.”

ಮುಂದಿನ ಭಾನುವಾರ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಬಸದಿಗಳಿಗೆ ಹತ್ತಿರದ ಬೀದಿಯಲ್ಲಿ ಆ ಅಂಗಡಿಯವರ ಮನೆ. ಜೈನರು, ಅಪ್ಪನ ಕಾಲದಲ್ಲಿ ಕೊಬ್ಬರಿ ವ್ಯಾಪಾರದವರು. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅಮ್ಮ ಅಡುಗೆಮನೆಯ ಗೂಡಿನಿಂದ ಗಡಿಯಾರ ತಂದು ನನ್ನ ಕೈಗಿಟ್ಟರು. ಮುಂದೆ ರಷ್ಯನ್ ಅಕ್ಷರ, ನಿಂತ ಮುಳ್ಳು. ಹಿಂದೆ ತಿರುಗಿಸಿದರೆ ಏನೂ ಇಲ್ಲ. ಮುಚ್ಚಳ ಬೋಳು. ಮೇಲಿನ ಬಿಳಿ ಲೇಪ ಹೋಗಿ ಒಳಗಿನ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು.

ಒಂದೇ ಕ್ಷಣದಲ್ಲಿ ನನ್ನ ತಲೆಯಲ್ಲಿ ಇಡೀ ಕತೆ ಸಿದ್ಧವಾಯಿತು. ಇದರ ಮೇಲೆ ಬೇಟೆಗಾರನಿದ್ದ. ಇದು ಅಹಿಂಸೆಯ ಮನೆ. ಕೋವಿ ಹಿಡಿದವನನ್ನು ಇವರು ಉಜ್ಜಿ ಅಳಿಸಿದ್ದಾರೆ. ಅಷ್ಟು ಚೆಂದದ ಕತೆಯನ್ನು ತಡೆದುಕೊಳ್ಳಲಾರದೆ ಅವರೆದುರೇ ಹೇಳಿಬಿಟ್ಟೆ.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಅಯ್ಯೋ, ಎಂಥ ಬೇಟೆ ಕಣ್ರೀ! ನಾನು ತಿಕ್ಕಿ ತಿಕ್ಕಿ ಹಿಂಗಾಗಿರೋದು.”

ಅಷ್ಟರಲ್ಲಿ ನಾನೂ ಮುಚ್ಚಳ ತೆರೆದಿದ್ದೆ. ಕೀಲಿನ ಸಂದಿಯಲ್ಲಿ ಕಂದುಬಣ್ಣದ ನಾರು ಒಣಗಿ ಕೂತಿತ್ತು. ಗುಂಡುಸೂಜಿಯಲ್ಲಿ ಮೀಟಿ ಮೂಸಿದೆ. ಹುಣಸೆಹಣ್ಣು.

ಸಂಗತಿ ಇಷ್ಟು. ಅವರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ವಯಸ್ಸಾದ ಮೇಲೆ ಯಜಮಾನರು ಗಡಿಯಾರವನ್ನು ಜೇಬಿನಿಂದ ತೆಗೆದು ಹೆಂಡತಿಗೆ ಕೊಟ್ಟರು, ಸಂಜೆಯ ಅಡುಗೆ ಹೊತ್ತಿಗೆ ಸರಿಯಾಗಿ ಮುಗಿಯಲಿ ಎಂದು. ಒಲೆಯ ಪಕ್ಕದ ಗೂಡಿನಲ್ಲಿ ಅದಕ್ಕೆ ಜಿಡ್ಡು ಹತ್ತುತ್ತಿತ್ತು. ದೇವರ ಸಾಮಾನು ಬೆಳಗುವಾಗ ಅಮ್ಮ ಅದನ್ನೂ ಸೇರಿಸಿಕೊಂಡರು. ಗಾಜಿನ ಕಡೆಗೆ ಬಟ್ಟೆ ಸುತ್ತಿ, ಹಿಂಭಾಗವನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಮೊದಲು ಬಿಳುಪು ಹೋಯಿತು. ಹಿತ್ತಾಳೆ ಕಂಡಾಗ ಈಗ ಸರಿಯಾಗಿ ಬೆಳಗಿತು ಎಂದುಕೊಂಡು ಇನ್ನಷ್ಟು ಉತ್ಸಾಹದಿಂದ ತಿಕ್ಕಿದರು. ಚಿತ್ರವೂ ಹೋಯಿತು.

“ಅದರ ಮೇಲೆ ಏನೋ ಇತ್ತು. ಏನು ಅಂತ ಮಾತ್ರ ನೆನಪಿಗೆ ಬರ್ತಿಲ್ಲ,” ಎಂದರು. ನಗು ನಿಂತಿತ್ತು. “ಅವರು ದಿನಾ ಕೈಯಲ್ಲಿ ಹಿಡಿಯೋರು. ನಾನೇ ತಿಕ್ಕಿ ಕಳ್ದೆ, ನಂಗೇ ಗೊತ್ತಿಲ್ಲ.”

“ರೈಲು ಕಣಮ್ಮ, ರೈಲಿತ್ತು,” ಎಂದರು ಮಗ.

“ನಿಂಗೇನ್ಲಾ ಗೊತ್ತು? ನೀನು ಅದನ್ನ ಬಾಯಲ್ಲಿ ಕಡೀತಿದ್ದೆ.”

ನಾನು ಗಡಿಯಾರ ಕೇಳಿದೆ. ಸುತ್ತಿ ಬಳಸಿ ಕೇಳುವವನಲ್ಲ ನಾನು. ಇಂಥ ಬೋಳು ಮುಚ್ಚಳ ನನ್ನ ಬಳಿ ಇರಲಿಲ್ಲ, ಬೇರೆ ಯಾರ ಬಳಿಯೂ ಇರಲಾರದು. ಅಮ್ಮ ಬೋಳು ಮುಚ್ಚಳಕ್ಕೆ ಬೆರಳು ತೋರಿಸಿದರು.

“ವಾಚಿನೋರೇ, ಅದರ ಮೇಲೆ ಏನಿತ್ತು ಅಂತ ಹೇಳಿ. ಹೇಳಿದ್ರೆ ಗಡಿಯಾರ ನಿಮ್ದು.”

ದುರಸ್ತಿ ಮಾಡಿ ತರುತ್ತೇನೆಂದು ಒಪ್ಪಿಸಿ, ಮನೆಗೆ ತಂದು ಬಿಚ್ಚಿದೆ. ಹುಣಸೆಯ ಹುಳಿ ಕೀಲಿನಿಂದ ಒಳಗಿಳಿದು ಚಕ್ರವೊಂದರ ಹಲ್ಲಿಗೆ ಅಂಟಿತ್ತು. ತೊಳೆದೆ, ಎಣ್ಣೆ ಬಿಟ್ಟೆ, ಕೀ ಕೊಟ್ಟೆ. ಗಡಿಯಾರ ಓಡಿತು. ಆ ಕೆಲಸ ನನಗೆ ಬರುತ್ತದೆ, ಹಾಗೆನ್ನಲು ಸಂಕೋಚವಿಲ್ಲ. ಆದರೆ ಮುಚ್ಚಳ ಬಾಯಿಬಿಡಲಿಲ್ಲ. ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದರೆ ಒಂದು ಗೆರೆ ಕಾಣುತ್ತಿತ್ತು. ಅದು ಹಳಿಯೂ ಆಗಬಹುದು, ಕೋವಿಯ ನಳಿಗೆಯೂ ಆಗಬಹುದು, ತಿಕ್ಕಿದ ಗೀರೂ ಆಗಬಹುದು. ಸುಮ್ಮನೆ ರೈಲು ಎಂದಿದ್ದರೆ ಮಗ ಹೌದು ಎನ್ನುತ್ತಿದ್ದರು, ಗಡಿಯಾರ ನನ್ನದಾಗುತ್ತಿತ್ತು. ಹಾಗೆ ಹೇಳುವುದು ಎಷ್ಟು ಸುಲಭವಾಗಿತ್ತೆಂದರೆ, ಅದೇ ನನಗೆ ಹಿಡಿಸಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವನ ಬಳಿ ಗಡಿಯಾರಗಳಿರುತ್ತವೆ, ಸಂಗ್ರಹ ಇರುವುದಿಲ್ಲ.

ನನ್ನ ಬಳಿ ಅದೇ ಅಳತೆಯ ಬಿಡಿ ಮುಚ್ಚಳಗಳಿದ್ದವು. ಎಲ್ಲವನ್ನೂ ಡಬ್ಬಿಗೆ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದೆ.

ಪಡಸಾಲೆಯ ಚಾಪೆಯ ಮೇಲೆ ಒಂದೊಂದಾಗಿ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕುದುರೆ ಇರಬಹುದು ಎಂದರು. ರೈಲೂ ಇರಬಹುದು ಎಂದರು. ನೋಡಿದಷ್ಟೂ ಎಲ್ಲವೂ ಅದೇ ಅನ್ನಿಸತೊಡಗಿತು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಗ ನನಗೆ ಹೊಳೆಯಿತು. ಈ ಚಿತ್ರವನ್ನು ಅವರು ನೋಡಿದ್ದೇ ಕಡಿಮೆ. ತಿಕ್ಕಿದ್ದು.

“ಅಮ್ಮ, ನೋಡಬೇಡಿ. ಕಣ್ಣು ಮುಚ್ಚಿ, ತಿಕ್ಕಿ.”

“ಹುಚ್ಚಾ ನಿಮ್ಗೆ?” ಎಂದರು. ಆದರೂ ಕಣ್ಣು ಮುಚ್ಚಿ ಅಂಗೈ ಒಡ್ಡಿದರು. ನಾನು ಒಂದು ಮುಚ್ಚಳ ಇಟ್ಟೆ. ಹೆಬ್ಬೆರಳು ತಾನಾಗಿಯೇ ದುಂಡಗೆ ಸುತ್ತತೊಡಗಿತು, ಪಾತ್ರೆ ಬೆಳಗುವ ಸುತ್ತು. ರೈಲು: ಅಲ್ಲ. ಕುದುರೆ: ಅಲ್ಲ. ಮುಂದಿನದನ್ನು ಇಟ್ಟಾಗ ಬೆರಳು ಅರ್ಧ ಸುತ್ತಿ ನಿಂತಿತು. ಅಂಚಿನ ಬಳಿ ಉಗುರು ಒಂದು ಸಣ್ಣ ತಗ್ಗಿಗೆ ಇಳಿಯಿತು.

“ಇದೇ. ಇಲ್ಲೇ ಹುಣಸೆಹಣ್ಣು ಕೂತ್ಬಿಡೋದು. ಕಡ್ಡಿ ಹಾಕಿ ತೆಗೀಬೇಕಿತ್ತು.”

ಕಣ್ಣು ಬಿಟ್ಟರು. ಉಗುರು ನಿಂತಿದ್ದದ್ದು ನಾಯಿಯ ಬಾಲಕ್ಕೂ ಬೇಟೆಗಾರನ ಬೂಟಿಗೂ ನಡುವೆ.

ಮಗ ಬಗ್ಗಿ ನೋಡಿ, “ಅಮ್ಮಾ, ಕೋವಿ!” ಎಂದರು.

ಅಮ್ಮ ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಇಷ್ಟು ವರ್ಷ ಇವನನ್ನ ಜೇಬಲ್ಲಿ ಇಟ್ಕೊಂಡು ಬಸದಿಗೆ ಹೋಗ್ತಿದ್ರಾ ನಿಮ್ಮಪ್ಪ!” ಎಂದರು. ಬಹಳ ಹೊತ್ತು ನಕ್ಕರು. ಆ ನಗುವಿನಲ್ಲಿ ಗಂಡನನ್ನು ಹಿಡಿದುಹಾಕಿದ ಸಂತೋಷವಿತ್ತು. ನಾನು ಡಬ್ಬಿ ಮುಚ್ಚಿ, ದುರಸ್ತಿಯಾದ ಗಡಿಯಾರವನ್ನು ಚಾಪೆಯ ಮೇಲಿಟ್ಟು ಕಾದೆ.

ಅಮ್ಮ ಅದನ್ನೆತ್ತಿ ಕಿವಿಗೆ ಹಿಡಿದರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅಮ್ಮ, ಕೊಡ್ತೀನಿ ಅಂತ ನೀನೇ ಅಂದಿದ್ದೆ ಕಣಮ್ಮ,” ಎಂದರು ಮಗ.

“ಅವರು ಹೇಳಿದ್ರೆ ಕೊಡ್ತೀನಿ ಅಂದಿದ್ದೆ. ಅವರೆಲ್ಲಿ ಹೇಳಿದ್ರು? ಹೇಳಿದ್ದು ನಾನು.” ನನ್ನ ಕಡೆ ತಿರುಗಿ, “ಊಟ ಮಾಡ್ಕೊಂಡು ಹೋಗಿ ವಾಚಿನೋರೇ, ಇನ್ನೂ ಹೊತ್ತು ಮುಳುಗಿಲ್ಲ.”

ಊಟ ಮಾಡಿದೆ. ಬೇಟೆಗಾರನ ಮುಚ್ಚಳ ಬೇಕೇ ಎಂದು ಕೇಳಿದ್ದಕ್ಕೆ, ಬೇಡ, ತಿಕ್ಕಿದ್ದೇ ಇರಲಿ ಎಂದರು. ಹುಣಸೆಹಣ್ಣು ಮಾತ್ರ ಇನ್ನು ಹಾಕಬೇಡಿ ಎಂದು ಹೇಳಿ ಬಂದೆ.

ಕೆಲವು ತಿಂಗಳಾದ ಮೇಲೆ ಬೇಲೂರಿನಿಂದ ಬರುತ್ತ ಹಳೇಬೀಡಿನಲ್ಲಿ ಇಳಿದೆ. ಪಡಸಾಲೆಯಲ್ಲಿ ನೆಂಟರಿದ್ದರು. ಗಡಿಯಾರ ಕೈಯಿಂದ ಕೈಗೆ ಹೋಗುತ್ತಿತ್ತು. ಅಮ್ಮ ಹೇಳುತ್ತಿದ್ದರು: “ಕೋವಿ ಹಿಡ್ಕೊಂಡು ನಿಂತಿದ್ದ. ನಮ್ಮಂಥ ಮನೇಲಿ ಅದು ಇರಬಾರದು ಅಂತ ನಾನೇ ದಿನಾ ತಿಕ್ಕಿ ತಿಕ್ಕಿ ಅಳಿಸ್ದೆ. ಬೇಕಾದ್ರೆ ವಾಚಿನೋರನ್ನೇ ಕೇಳಿ.”

ಅದು ನನ್ನ ಕತೆ. ಮೊದಲ ದಿನ ನಾನೇ ಕಟ್ಟಿದ್ದು, ಅವರೇ ನಕ್ಕು ತಳ್ಳಿದ್ದು. ಈಗ ಅವರ ಕಣ್ಣಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಅವರಿಗೆ ಅದು ನೆನಪಾಗಿತ್ತು.

ನೆಂಟರೆಲ್ಲ ನನ್ನತ್ತ ನೋಡಿದರು. ನಾನು ಗಡಿಯಾರವನ್ನು ತೆಗೆದುಕೊಂಡು ಕೀ ಕೊಟ್ಟೆ. ಚೆನ್ನಾಗಿ ಓಡುತ್ತಿತ್ತು. ಮುಚ್ಚಳ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಕೀಲಿನ ಸಂದಿಯಲ್ಲಿ ಇನ್ನೂ ಹಸಿಯಾಗಿದ್ದ ಒಂದು ಎಳೆ ಹುಣಸೆ ನಾರು ಸಿಕ್ಕಿಕೊಂಡಿತ್ತು.