ಮೇಷ್ಟ್ರಮ್ಮನ ಕೈವಾರ

ಆಯುಧಪೂಜೆಯ ದಿನ, ಬೆಳಗ್ಗೆ ಆರು ಗಂಟೆ. ಹಿತ್ತಲಿನ ಕಟ್ಟೆಯ ಬಳಿ ಇದ್ದವರು ಇಬ್ಬರೇ, ನಾನು ಮತ್ತು ಕಾಲೇಜಿಗೆ ಹೋಗುವ ಮೊಮ್ಮಗಳು. ವರ್ಷಕ್ಕೊಮ್ಮೆ ಮನೆಯ ಉಪಕರಣಗಳನ್ನು ತೊಳೆದು ಪೂಜೆಗೆ ಜೋಡಿಸುವ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ಮೊದಲು ಕಬ್ಬಿಣದವು, ಆಮೇಲೆ ಹಿತ್ತಾಳೆಯವು. ಕಿವುಚಿದ ಹುಣಸೆಹಣ್ಣನ್ನು ಹಳೆಯ ಕೈವಾರಕ್ಕೆ ತಿಕ್ಕುತ್ತಿದ್ದಂತೆ ಹುಳಿಯ ವಾಸನೆಯೂ ಲೋಹದ ವಾಸನೆಯೂ ಬೆರೆತು ಮೂಗಿಗೆ ಬಂತು. ಕೈ ಅಲ್ಲೇ ನಿಂತಿತು. ವೃತ್ತ ಎಳೆಯುವ ಈ ಎರಡು ಕಾಲಿನ ಸಾಧನವನ್ನು ಈಗಿನ ಮಕ್ಕಳು ಕಂಪಾಸ್ ಅನ್ನುತ್ತಾರೆ. ನಮ್ಮ ಗಣಿತದ ಮೇಡಂ ಕೈವಾರ ಎಂದೇ ಹೇಳುತ್ತಿದ್ದರು. ಆ ಒಂದು ಪದದಿಂದ ನನ್ನ ಓದು ಮುಗಿದೇ ಹೋಗುವುದರಲ್ಲಿತ್ತು...

ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ಸಾಲು ಮನೆಗಳ ಮುಂದೆ ಕೆಂಪು ಮಣ್ಣಿನ ರಸ್ತೆ, ರಸ್ತೆಯ ಬದಿಗೆ ಇಟ್ಟಿಗೆಯ ಗೂಡಿನೊಳಗೆ ನೆಟ್ಟ ಸಸಿಗಳು. ಮನೆಗಳ ಸಾಲು ಮುಗಿದಲ್ಲಿ ರಾಗಿ ಹೊಲ ಶುರುವಾಗುತ್ತಿತ್ತು. ಕಾರ್ಖಾನೆಯ ಸೈರನ್ ಕೂಗಿದಾಗ ನನ್ನ ಅಜ್ಜಿ ಒಲೆ ಹೊತ್ತಿಸುತ್ತಿದ್ದಳು, ಮತ್ತೆ ಕೂಗಿದಾಗ ಅಪ್ಪನ ಬುತ್ತಿ ಸಿದ್ಧವಿರಬೇಕಿತ್ತು. ಮನೆಯಲ್ಲಿ ಎಲ್ಲರೂ ಅಜ್ಜಿಯ ಮಾತಿನಂತೆ ನಡೆಯುತ್ತಿದ್ದರು. ಅಪ್ಪ ಒಂದು ಕಾಗದಕ್ಕೆ ರುಜು ಹಾಕಬೇಕಾದರೂ ಮೊದಲು ಅಡುಗೆಮನೆಯ ಕಡೆ ತಿರುಗಿ ನೋಡುತ್ತಿದ್ದರು.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಮಗೆ ಹೊಲಿಗೆ ಇತ್ತು, ಗೃಹವಿಜ್ಞಾನ ಇತ್ತು, ಐಚ್ಛಿಕ ಗಣಿತ ಇರಲಿಲ್ಲ. ಅದಿಲ್ಲದೆ ಮುಂದೆ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಮೇಡಂ ಹೆಡ್‌ಮಿಸ್ಟ್ರೆಸ್ಸರನ್ನು ಕೇಳಿದ್ದರು, ಮತ್ತೆ ಕೇಳಿದ್ದರು, ಅವರು ಬೇಸತ್ತು "ಒಂದು ಬೆಂಚಾದರೂ ತುಂಬಿಸಿಕೊಂಡು ಬನ್ನಿ, ಸೋಮವಾರದೊಳಗೆ" ಎಂದು ಹೇಳುವವರೆಗೂ ಕೇಳಿದ್ದರು. ಒಂದು ಬೆಂಚಿಗೆ ಐದು ಹುಡುಗಿಯರು. ಶಾಲೆ ಬಿಟ್ಟ ಮೇಲೆ ಮೇಡಂ ಕಪ್ಪು ಕೊಡೆ ಹಿಡಿದು ಮನೆ ಮನೆಗೆ ಹೊರಟರು. ನಾಲ್ವರು ಸಿಕ್ಕರು. ಕೊನೆಯ ಜಾಗಕ್ಕೆ ಉಳಿದವಳು ನಾನು.

ನಮ್ಮ ಮನೆಗೆ ಅವರು ಬಂದಾಗ ಅಜ್ಜಿ ಒಳಗೆ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಸದ್ದಿನಲ್ಲಿ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಮೇಡಂ ಅಪ್ಪನ ಎದುರು ಕುಳಿತು, "ನೋಡಿ, ಇವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಇನ್ಮೇಲೆ ಕೈವಾರ ಇಲ್ದೆ ಆಗಲ್ಲ. ನಾನೇ ಜೊತೇಲಿರ್ತೀನಿ, ಏನೂ ಯೋಚ್ನೆ ಮಾಡ್ಬೇಡಿ. ಈ ಒಪ್ಪಿಗೆ ಕಾಗದಕ್ಕೆ ಒಂದು ರುಜು ಹಾಕ್ಕೊಡಿ" ಎಂದರು.

ಬೀಸುವ ಕಲ್ಲು ನಿಂತಿತು.

"ಏನು, ಕೈವಾರಾನಾ ಮೇಷ್ಟ್ರಮ್ಮ?" ಅಜ್ಜಿ ಒಳಗಿಂದಲೇ ಕೇಳಿದಳು. "ಕೈವಾರ ಅಂದ್ರೆ ಬೇಡ ಅನ್ನೋಕಾಗುತ್ತಾ? ಹೋಗ್ಬರ್ಲಿ ಬಿಡಿ. ಲೋ, ಅದೇನು ರುಜು ಬೇಕೋ ಹಾಕ್ಕೊಡೋ."

ಅಪ್ಪ ರುಜು ಹಾಕಿದರು. ಅಮ್ಮ ಕಾಫಿ ತಂದರು. ಮೇಡಂ ಮುಖದಲ್ಲಿ ನಗು ಕಂಡದ್ದು ನನಗೆ ಅದೇ ಮೊದಲು.

ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಕೇಳಿದಳು: "ಪುಟ್ಟಿ, ಕೈವಾರಕ್ಕೆ ಯಾವತ್ತು ಹೊರಡೋದು? ಬುತ್ತಿಗೆ ಚಿತ್ರಾನ್ನ ಕಟ್ಲಾ, ರೊಟ್ಟಿ ಕಟ್ಲಾ?" ನನಗೆ ಆಗ ಗೊತ್ತಾಯಿತು. ಅಜ್ಜಿ ಒಪ್ಪಿದ್ದು ಚಿಂತಾಮಣಿ ಕಡೆಯ ಕೈವಾರದ ಯಾತ್ರೆಗೆ. ಅಲ್ಲಿಯ ದೇವರಿಗೆ ಅವಳದೊಂದು ಹಳೆಯ ಹರಕೆ ಬಾಕಿ ಇತ್ತು. ತನಗಂತೂ ಆಗಲಿಲ್ಲ, ಮೊಮ್ಮಗಳಾದರೂ ಹೋಗಿ ಬರಲಿ ಎಂದುಕೊಂಡಿದ್ದಳು.

ಮರುದಿನ ಶಾಲೆಯಲ್ಲಿ ಇದನ್ನು ಹೇಳಿದಾಗ ಉಳಿದ ನಾಲ್ವರೂ ಬಿದ್ದು ಬಿದ್ದು ನಕ್ಕರು. "ರುಜು ಬಿದ್ದಾಯ್ತಲ್ಲೇ, ಸುಮ್ನಿರೇ! ನಿಮ್ಮಜ್ಜಿಗೆ ಗೊತ್ತಾಗೋದ್ರೊಳಗೆ ಪರೀಕ್ಷೆನೇ ಮುಗಿದಿರುತ್ತೆ" ಅಂದಳು ಒಬ್ಬಳು. ಮೇಡಂ ನಗಲಿಲ್ಲ. ತರಗತಿಯಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು: ನಡುವಿನ ಹಂತ ತಪ್ಪಿದ್ದರೆ ಉತ್ತರ ಸರಿ ಬಂದರೂ ಸೊನ್ನೆ. ಅತ್ತರೂ ಅಷ್ಟೆ, ಗೋಗರೆದರೂ ಅಷ್ಟೆ. ಅಪ್ಪನ ರುಜುವಿದ್ದ ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

"ಇದೂ ಹಾಗೇ ಕಣೇ. ಹಂತ ತಪ್ಪಿದೆ. ಸಂಜೆ ಬರ್ತೀನಿ ಅಂತ ಮನೇಲಿ ಹೇಳು."

ಅವರ ಬೆಂಚು ತುಂಬಿತ್ತು. ಅಷ್ಟು ದಿನ ಬಿಸಿಲಲ್ಲಿ ನಡೆದದ್ದು ಅದಕ್ಕಾಗಿಯೇ. ಆದರೂ ಬಂದರು. ಈ ಸಲ ಅಪ್ಪನ ಎದುರು ಕೂರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ, ನೆಲದ ಮೇಲೆ, ಅಜ್ಜಿಯ ಎದುರಿಗೆ ಕುಳಿತರು. ಕೈಚೀಲದಿಂದ ಹಿತ್ತಾಳೆಯ ಕೈವಾರ ತೆಗೆದು ತೋರಿಸಿದರು.

"ಅಮ್ಮ, ನಾನು ನಿನ್ನೆ ಹೇಳಿದ್ದು ಊರಲ್ಲ, ಇದು."

ಅಜ್ಜಿ ಅದನ್ನು ನೋಡಿದಳು. ಮುಖ ಕೆಂಪಾಯಿತು. "ಇಕ್ಕಳದ ಹಾಗಿದೆ. ಇದನ್ನ ಕಟ್ಕೊಂಡು ನಮ್ ಹುಡುಗಿ ಏನ್ಮಾಡ್ತಾಳೆ? ಗಂಡಸ್ರ ಲೆಕ್ಕ ಕಲ್ತೋಳಿಗೆ ಗಂಡು ಯಾರು ಹುಡುಕ್ತಾರೆ? ನಿಮ್ ಹಾಗೆ ಒಬ್ಳೇ ಕೊಡೆ ಹಿಡ್ಕೊಂಡು ಬೀದಿ ತಿರುಗ್ಬೇಕಾ?"

ಅಮ್ಮ "ಅತ್ತೆ..." ಎಂದು ಮೆಲ್ಲಗೆ ಅಂದರು. ಅಪ್ಪ ಗೋಡೆ ನೋಡಿದರು. ಮದುವೆಯಾಗದೆ ಉಳಿದಿದ್ದ ಮೇಡಂಗೆ ಆ ಮಾತು ಎಲ್ಲಿ ನಾಟಿತೋ ನನಗೆ ತಿಳಿಯದು. ಅವರು ಬೆನ್ನು ನೇರ ಮಾಡಿಕೊಂಡರು.

"ನನ್ ಹಾಗೆ ಆಗ್ಬಾರ್ದು ಅಂತಾನೇ ಬಂದಿದೀನಮ್ಮ. ನಾನೂ ಇಂಜಿನಿಯರಿಂಗ್ ಓದ್ಬೇಕು ಅಂತಿದ್ದೆ. ಬಾಗ್ಲ ತನಕ ಬಂದು ನಿಂತ್ಬಿಟ್ಟೆ, ಒಳಗೆ ಬಿಡೋರಿರ್ಲಿಲ್ಲ. ಇವಳು ಒಳಗೆ ಹೋಗ್ಬೇಕು. ನೀವು ಬೇಡ ಅಂದ್ರೆ ಈ ಕಾಗದ ಇಲ್ಲೇ ಹರಿದು ಹೋಗ್ತೀನಿ, ನಾಳೆ ಮತ್ತೆ ಬಂದು ಕೇಳ್ತೀನಿ. ನಾಳಿದ್ದೂ ಬರ್ತೀನಿ."

ಅಜ್ಜಿ ಮೊರ ಎಳೆದುಕೊಂಡು ರಾಗಿಯಲ್ಲಿ ಕಲ್ಲು ಆರಿಸತೊಡಗಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ರುಜು ಸಿಕ್ಕಿತ್ತಲ್ಲ, ಯಾಕಮ್ಮ ವಾಪಸ್ ಬಂದ್ರಿ?"

"ಮೋಸದ ಒಪ್ಪಿಗೆ ಇಟ್ಕೊಂಡು ಲೆಕ್ಕ ಹೇಳ್ಕೊಡೋಕಾಗಲ್ಲಮ್ಮ."

"ಹಂಗಾದ್ರೆ ಮೊದ್ಲು ನನ್ ಕೈವಾರ, ಆಮೇಲೆ ನಿಮ್ ಕೈವಾರ" ಎಂದಳು ಅಜ್ಜಿ. "ಜೊತೇಲಿರ್ತೀನಿ ಅಂದಿದ್ರಲ್ಲ, ನಡೀರಿ."

ಭಾನುವಾರ ಬೆಳಗ್ಗೆ ಕಲಾಸಿಪಾಳ್ಯದಿಂದ ಬಸ್ಸು ಹಿಡಿದೆವು. ಅಜ್ಜಿ ಕಿಟಕಿಯ ಪಕ್ಕ, ಅವಳ ಪಕ್ಕದಲ್ಲಿ ಮೇಡಂ, ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಬುತ್ತಿ ಹಿಡಿದು ನಾನು. ಹೊಸಕೋಟೆ ದಾಟುವವರೆಗೂ ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗುಡಿಯಲ್ಲಿ ಅಜ್ಜಿ ಹರಕೆ ಒಪ್ಪಿಸಿ ಪ್ರದಕ್ಷಿಣೆ ಬಂದಳು. ಮಂಡಿನೋವಿನಿಂದ ನಡುವೆ ಮುಗ್ಗರಿಸಿದಾಗ ಮೇಡಂ ತೋಳು ಹಿಡಿದು ಜೊತೆಗೆ ಸುತ್ತಿದರು. ಮುಗಿದ ಮೇಲೆ ಮಂಟಪದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅಜ್ಜಿ ಕೈ ಚಾಚಿದಳು.

"ಎಲ್ಲಿ, ಆ ಇಕ್ಕಳ ಕೊಡಿ."

ಮೇಡಂ ಕೈಚೀಲದಿಂದ ಕೈವಾರ ತೆಗೆದು, ಅದರ ಮುಳ್ಳನ್ನು ಮಣ್ಣಿಗೆ ಊರಿ, ಇನ್ನೊಂದು ಕಾಲನ್ನು ಅಜ್ಜಿಯ ಕೈಯಿಂದಲೇ ತಿರುಗಿಸಿದರು. ನಿಧಾನವಾಗಿ ಒಂದು ವೃತ್ತ ಮೂಡಿತು. "ಸೇರ್ತಾ?" ಎಂದರು. ತರಗತಿಯಲ್ಲಿ ನಮ್ಮನ್ನು ಕೇಳುವ ಧಾಟಿಯೇ. ತಿರುಪು ಸಡಿಲವಿದ್ದರೆ ಗೆರೆ ಹೊರಟ ಜಾಗಕ್ಕೆ ಬಂದು ಸೇರುವುದಿಲ್ಲ, ಅದಕ್ಕಾಗಿ ಆ ಪ್ರಶ್ನೆ.

"ಸೇರ್ತು" ಅಂದಳು ಅಜ್ಜಿ. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದೂ ಪ್ರದಕ್ಷಿಣೆನೇ ಅಲ್ವೇ ಮೇಷ್ಟ್ರಮ್ಮ? ಇದಕ್ಕೆ ಮಂಡಿ ನೋಯಲ್ಲ, ಅಷ್ಟೇ" ಎಂದು ನಕ್ಕಳು. ನಮ್ಮ ಮೇಡಂ ಗಟ್ಟಿಯಾಗಿ ನಗಬಲ್ಲರು ಎಂದು ಆ ದಿನ ತಿಳಿಯಿತು.

ಸೋಮವಾರ ಬೆಂಚು ತುಂಬಿತು.

ಆಮೇಲಿನದು ಕಷ್ಟದ ಓದು, ಅದನ್ನು ಬಣ್ಣ ಕಟ್ಟಿ ಹೇಳುವುದಿಲ್ಲ. ಬೆಳಗ್ಗೆ ಶಾಲೆಗೆ ಮೊದಲು ಒಂದು ಗಂಟೆ, ಸಂಜೆ ಒಂದು ಗಂಟೆ, ರಜೆಯಲ್ಲೂ ಬಿಡುವಿಲ್ಲ. ನಾನು ಇಂಜಿನಿಯರಿಂಗ್ ಸೇರಿದೆ. ಕಾಲೇಜಿನಲ್ಲಿ ಹುಡುಗರು "ಅಮ್ಮಾವ್ರೇ, ಅಡುಗೆಮನೆ ಆ ಕಡೆ" ಎಂದು ಛೇಡಿಸಿದರು. ಪ್ರಯೋಗಾಲಯದಲ್ಲಿ ಸೀರೆ ಯಂತ್ರಕ್ಕೆ ಸಿಗದಂತೆ ಸೆರಗು ಬಿಗಿದು ಕಟ್ಟುವುದನ್ನು ನಾನೇ ಕಲಿತೆ. ಮುಂದೆ ಕಾರ್ಖಾನೆಯೊಂದರಲ್ಲಿ ಯಂತ್ರದ ಭಾಗಗಳ ಅಳತೆ ಪರೀಕ್ಷಿಸುವ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದೆ. ಸಂಬಂಧ ನೋಡಲು ಬಂದವರ ಮುಂದೆ ಅಜ್ಜಿಯೇ "ನಮ್ ಹುಡುಗಿ ಇಂಜಿನಿಯರ್ರು" ಎಂದು ಮೊದಲು ಹೇಳುತ್ತಿದ್ದಳು.

ನಾನು ಕಾಲೇಜು ಸೇರಿದ ವರ್ಷ ಮೇಡಂಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುನ್ನ ಈ ಕೈವಾರವನ್ನು ನನ್ನ ಕೈಗಿಟ್ಟು, "ತಿರುಪು ಸಡಿಲ ಬಿಡ್ಬೇಡ" ಎಂದರು. ಕೆಲಸ ಸಿಕ್ಕ ಮೇಲೆ ಸಿಹಿ ಹಿಡಿದು ಆ ಊರಿಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು "ಅವ್ರು ಹೋಗ್ಬಿಟ್ರಲ್ಲಮ್ಮ" ಎಂದರು. ಮತ್ತೆ ವರ್ಗವಾಯಿತೆಂದುಕೊಂಡು "ಯಾವೂರಿಗೆ?" ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡರು... ಆಗ ಅರ್ಥವಾಯಿತು.

ಹಿತ್ತಲಿನ ಕಟ್ಟೆಯ ಬಳಿ ಮೊಮ್ಮಗಳು ಹಿತ್ತಾಳೆ ಒರೆಸುತ್ತಾ, "ಅಜ್ಜಿ, ಗಣಿತ ಬಿಟ್ಟು ಬೇರೆ ತಗೊಳ್ಳೋಣ ಅಂತಿದೀನಿ. ತುಂಬಾ ಕಷ್ಟ" ಎಂದಿದ್ದಳು. ಈ ಕೈವಾರ ಕೈಗೆ ಬರುವ ಮೊದಲು ಆಡಿದ ಮಾತು. ಅವಳಿಗೆ ಮೇಲಿನದನ್ನೆಲ್ಲ ಹೇಳಿದೆ. ಬಿಡಬೇಕೆಂದರೆ ಬಿಡು, ಕಷ್ಟ ಎಂಬ ಒಂದೇ ಕಾರಣಕ್ಕೆ ಬಿಡಬೇಡ, ಅದು ತಪ್ಪು ಹಂತ ಎಂದೆ. ಅವಳು ಒಳಗೆ ಹೋಗಿ ತಿರುಪುಳಿ, ಪೆನ್ಸಿಲು, ಹಾಳೆ ತಂದಳು. ತಿರುಪು ಬಿಗಿ ಮಾಡಿದಳು. ಹಾಳೆಯ ಮೇಲೆ ಮುಳ್ಳು ಊರಿ ಒಂದು ಸುತ್ತು ಎಳೆದಳು.

"ಸೇರ್ತಾ?" ಎಂದು ಕೇಳಲು ಮೇಡಂ ಇಲ್ಲ. ನಾನೇ ಕೇಳಿದೆ.

"ಕೂದಲೆಳೆಯಷ್ಟು ತಪ್ಪಿದೆ" ಎಂದು ಅವಳು ತಿರುಪನ್ನು ಇನ್ನೊಂದಿಷ್ಟು ಬಿಗಿದು ಮತ್ತೆ ಎಳೆದಳು. ಈ ಸಲ ಸೇರಿತು. ಕೈವಾರಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆಯ ಮಣೆಯ ಮೇಲೆ ಇಟ್ಟೆವು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.