ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ

ನಮ್ಮ ಮಿರಜ ಸಂಸ್ಥಾನ ಹೋಗಿ ಮುಂಬಯಿ ರಾಜ್ಯದೊಳಗೆ ಸೇರಿಯಾಗಿತ್ತು. ಆ ರಾಜ್ಯವನ್ನೂ ಒಡೆದು ಭಾಷೆಯ ಪ್ರಕಾರ ಹಂಚುತ್ತಾರಂತೆ ಎಂಬ ಮಾತು ಬಜಾರಿನಲ್ಲಿ, ನಲ್ಲಿಯ ಹತ್ತಿರ, ಸ್ಟೇಶನ್ನಿನ ಚಹಾದಂಗಡಿಯಲ್ಲಿ ಓಡಾಡುತ್ತಿದ್ದ ದಿನಗಳವು. ನಾವು ಕರ್ನಾಟಕಕ್ಕೆ ಹೋಗುತ್ತೇವೋ ಮಹಾರಾಷ್ಟ್ರಕ್ಕೆ ಹೋಗುತ್ತೇವೋ ಎಂದು ದೊಡ್ಡವರು ವಾದಿಸುತ್ತಿದ್ದರೆ, ಹೋಗುವುದು ರೈಲಿನಲ್ಲೋ ಚಕ್ಕಡಿಯಲ್ಲೋ ಎಂಬುದು ನನ್ನ ಚಿಂತೆಯಾಗಿತ್ತು. ರೈಲಾದರೆ ಕಿಟಕಿಯ ಪಕ್ಕ ನಾನೇ ಕೂರಬೇಕೆಂದು ತಮ್ಮನ ಜೊತೆ ಆಗಲೇ ಜಗಳ ಮಾಡಿಯೂ ಆಗಿತ್ತು.

ಅಪ್ಪನದು ಪಕ್ಕದ ಸಾಂಗಲಿಯ ಪೇಟೆಯಲ್ಲಿ ರೈತರ ಅರಿಷಿಣ ಮಾರಿಕೊಡುವ ಅಡತಿ ಅಂಗಡಿ. ಸಂಜೆ ಮನೆಗೆ ಬಂದರೆ ಅವನಿಗಿಂತ ಮೊದಲು ಅರಿಷಿಣದ ವಾಸನೆ ಒಳಗೆ ಬರುತ್ತಿತ್ತು. ಅವ್ವ ಎಷ್ಟು ಒಗೆದರೂ ಅವನ ಧೋತರ ಬಿಳಿಯಾದದ್ದನ್ನು ನಾನು ಕಾಣಲಿಲ್ಲ. ನಮ್ಮ ಜಾತಿ ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಜಾತಿಯವರು ಪಾರಾಗಿ ಬಿಡುತ್ತಾರೆ.

ಒಂದು ಸಂಜೆ ಅಪ್ಪ ಸಿಟ್ಟಿನಿಂದ ಕುದಿಯುತ್ತ ಬಂದ. ಅಥಣಿ ಕಡೆಯ ರೈತನೊಬ್ಬನ ಜೊತೆ ಕನ್ನಡದಲ್ಲಿ ದರ ಮಾತಾಡುವಾಗ ಪಕ್ಕದ ಅಂಗಡಿಯ ವ್ಯಾಪಾರಿ ಹತ್ತು ಮಂದಿಯ ಎದುರಿಗೆ, "ಕಾಯ ಅಪ್ಪಾ, ಕಾಯ ಯಂಡುಗುಂಡು ಚಾಲ್ಲಯ?" ಎಂದು ನಕ್ಕಿದ್ದನಂತೆ. ಏನಪ್ಪಾ, ಏನು ಯಂಡುಗುಂಡು ನಡೆದಿದೆ ಎಂದು. ನಮ್ಮ ಮಾತು ಅವರ ಕಿವಿಗೆ ಬರೀ ಯಂಡುಗುಂಡು.

"ಹುಟ್ಟಿದ ಮಾತಿಗೆ ನಗಾಕ ಇವರಿಗೆ ಯಾರು ಹಕ್ಕ ಕೊಟ್ಟಾರ?" ಅಪ್ಪ ರೊಟ್ಟಿ ಮುರಿಯುವುದನ್ನೇ ಮರೆತು ಕೂತಿದ್ದ. "ನಾವೂ ಮನಷ್ಯಾರ ಅದೀವಿ. ಅವರು ಮ್ಯಾಲ, ನಾವು ಕೆಳಗ, ಅಂತ ಎಲ್ಲಿ ಬರದಾರ?"

ಅಪ್ಪನ ಮೇಲೆ ನನಗೆ ಅವತ್ತು ಎಷ್ಟು ಅಭಿಮಾನ ಬಂತೆಂದರೆ ನನ್ನ ಪಾಲಿನ ಬೆಣ್ಣೆಯನ್ನು ಅವನ ತಾಟಿಗೆ ಹಾಕಿಬಿಟ್ಟೆ.

ಆ ವರ್ಷವೇ ಶಾಂತಾ ನಮ್ಮ ಕನ್ನಡ ಸಾಲೆಗೆ ಬಂದಳು. ಅವಳ ತಂದೆ ದುರ್ಗಪ್ಪನವರು ರೇಲ್ವೆಯಲ್ಲಿ ಗೂಡ್ಸ್ ಕ್ಲಾರ್ಕ್, ಬಾಗಲಕೋಟೆಯ ಕಡೆಯಿಂದ ಬದಲಿಯಾಗಿ ಬಂದವರು. ಎರಡು ಬಿಗಿ ಜಡೆ, ಯಾವಾಗಲೂ ನಗು ಬಂದೇ ಬಿಡುತ್ತದೆ ಎನ್ನುವಂಥ ಬಾಯಿ. ಸಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಇಬ್ಬರೂ ಗಜಗ ಆಡುತ್ತಿದ್ದೆವು. ಒಮ್ಮೆ ನಾನು ಗೂಡಿನತ್ತ ಬೆರಳು ಮಾಡಿ, "ನೋಡ, ಚಿಮಣಿ ಹಾರಿತು" ಎಂದೆ. ಶಾಂತಾ ಗಜಗ ಚೆಲ್ಲಿ ನಕ್ಕಳು.

"ಚಿಮಣಿ ಹಾರತೈತೇನ? ಅದು ಉರೀತೈತಿ! ಗುಬ್ಬಿ ಅನ್ನ, ಹುಚ್ಚಿ."

ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಎನ್ನುತ್ತಾರೆ, ಅವಳ ಕನ್ನಡದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ನನ್ನ ಕನ್ನಡದಲ್ಲಿ ಎಷ್ಟು ಮರಾಠಿ ಸೇರಿದೆಯೆಂದು ನನಗೆ ತಿಳಿದದ್ದೇ ಅವಳಿಂದ. ಅವಳೂ ನಕ್ಕಳು, ಆ ವ್ಯಾಪಾರಿಯೂ ನಕ್ಕಿದ್ದ. ಆದರೆ ಅವಳು ನಕ್ಕರೆ ನನಗೆ ಇನ್ನೊಂದು ತಪ್ಪು ಮಾಡೋಣ ಅನ್ನಿಸುತ್ತಿತ್ತು. ಅವಳಷ್ಟು ಹತ್ತಿರದ ಗೆಳತಿ ನನಗೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ರಾಜ್ಯ ಹಂಚುವ ಆಯೋಗದವರ ಎದುರಿಗೆ ಮಿರಜಿನ ಕನ್ನಡಿಗರ ಪರವಾಗಿ ಯಾರಾದರೂ ಮಾತಾಡಬೇಕಿತ್ತು. ಅಪ್ಪನ ಗೆಳೆಯರಿಗೆಲ್ಲ ಆವೇಶ ಬೇಕಾದಷ್ಟಿತ್ತು, ಇಂಗ್ಲಿಷ್ ಇರಲಿಲ್ಲ. ಇಂಗ್ಲಿಷ್, ಕನ್ನಡ, ಹಿಂದುಸ್ತಾನಿ ಮೂರರಲ್ಲೂ ನಿರ್ಭಿಡೆಯಿಂದ ಮಾತಾಡಬಲ್ಲವರು ದುರ್ಗಪ್ಪನವರು ಒಬ್ಬರೇ. ದೊಡ್ಡ ದನಿ, ಮಾತಿಗೊಂದು ಚೇಷ್ಟೆ, ಇಸ್ತ್ರಿ ಮಾಡಿದ ಕೋಟು. ಅವರನ್ನು ಮನೆಗೆ ಕರೆದು ಎಲ್ಲ ಮಾತಾಡಿ ಗಟ್ಟಿ ಮಾಡಿಕೊಳ್ಳುವುದೆಂದು ಅಪ್ಪ ನಿಶ್ಚಯಿಸಿದ.

ಅವ್ವ ಸಭೆಗೆಂದು ಪಡಸಾಲೆಯಲ್ಲಿ ಜಮಖಾನೆ ಹಾಸಿದಳು. ಅಜ್ಜಿ ಒಳಬಾಗಿಲಲ್ಲಿ ನಿಂತು, "ಆ ರೇಲ್ವೆಯವರು ಯಾ ಪೈಕಿ?" ಎಂದಳು. ಅಪ್ಪ ಮೆಲ್ಲಗೆ ಹೇಳಿದ.

"ಹಂಗಾರ ಜಮಖಾನಿ ಮ್ಯಾಲ ಬ್ಯಾಡ. ನಾಳೆ ಅದನ್ನ ಇಡೀದ ತೊಳ್ಯಾವ್ರು ಯಾರು?"

"ಅವ್ವಾ, ಅವರು ಬೇಕಾದ ಮಂದಿ. ಹೊರಗ ಕುಂದ್ರಸಾಕ ಬರಂಗಿಲ್ಲ."

"ಹೊರಗ ಕುಂದ್ರಸಂತ ನಾ ಎಲ್ಲಿ ಅಂದ್ನಿ? ಕಂಬಳಿ ಹಾಸು. ಉಣ್ಣಿಗೆ ಮೈಲಿಗಿ ತಟ್ಟಂಗಿಲ್ಲ."

ಅಪ್ಪನ ಮುಖದ ಮೇಲಿನ ಭಾರವೆಲ್ಲ ಇಳಿಯಿತು. ಅವ್ವ ಮಾತ್ರ ನಿಂತಲ್ಲೇ ನಿಂತು, "ನಂಗೇನೋ ಇದು ಚಲೋ ಕಾಣವಲ್ದು" ಎಂದಳು. "ನಿಂಗೇನು ತಿಳಿತೈತಿ, ಹಾಸು" ಎಂದ ಅಪ್ಪ. ಖಂಡೇರಾಜುರಿ ಹಳ್ಳಿಯ ಕುರುಬರು ಅವ್ವನ ತವರಿಗೆ ನೇಯ್ದುಕೊಟ್ಟ ಕರೀ ಕಂಬಳಿ ಅದು, ಹುಣಸೆ ಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಗೋಡೆಯ ಪಕ್ಕ ಹಾಸಿದಳು.

ದುರ್ಗಪ್ಪನವರು ಶಾಂತಾಳ ಕೈ ಹಿಡಿದುಕೊಂಡು ಬಂದರು. ಆಗಲೇ ನಾಲ್ಕಾರು ಮಂದಿ ಜಮಖಾನೆಯ ಮೇಲೆ ಕೂತಿದ್ದರು.

"ಬರ್ರಿ, ಬರ್ರಿ. ನಿಮಗಂತ ಕಂಬಳಿ ಹಾಸೇವಿ" ಎಂದ ಅಪ್ಪ. "ಮಾತಾಡೋರು ನೀವು. ಬ್ಯಾರೇನ ಕುಂದ್ರಬೇಕು."

"ಅಬಬಾ, ಕಂಬಳಿ ಗದ್ದಗಿ!" ದುರ್ಗಪ್ಪನವರು ಗಟ್ಟಿಯಾಗಿ ನಕ್ಕರು. "ಪಾದಪೂಜಿ ಒಂದ ಬಾಕಿ ಉಳೀತು ನೋಡ್ರಿ."

ಎಲ್ಲರೂ ನಕ್ಕರು. ಒಳಗಿನಿಂದ ಒಗ್ಗರಣೆ ಅವಲಕ್ಕಿಯ ವಾಸನೆ ಬರುತ್ತಿತ್ತು. ಮಾತು ಚೆನ್ನಾಗಿಯೇ ಸಾಗಿತ್ತು. ಮರಾಠಿಯವರು ನಮ್ಮನ್ನು ಹೇಗೆ ಕೀಳಾಗಿ ಕಾಣುತ್ತಾರೆ ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಅನುಭವ ಹೇಳುತ್ತಿದ್ದರು. ದುರ್ಗಪ್ಪನವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಅರ್ಥವಾಗದವರೂ ತಲೆಯಾಡಿಸುತ್ತಿದ್ದರು. ತಂದೆಯ ಪಕ್ಕದಲ್ಲಿ ಶಾಂತಾ ರಾಣಿಯ ಹಾಗೆ ಕೂತಿದ್ದಳು. ನಡುವೆ ನನ್ನತ್ತ ನೋಡಿ ಕಂಬಳಿಯನ್ನು ತಟ್ಟಿದಳು.

"ಬಾರ ಸುಶೀ, ಭಾಳ ಜಾಗಾ ಐತಿ. ನೀನೂ ಇದರ ಮ್ಯಾಲ ಕುಂದ್ರು."

"ನಾ ಯಾಕ ಕುಂದ್ರಲಿ?" ಎಂದೆ ನಾನು. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆಯಲ್ಲ ಎಂಬ ಹಿಗ್ಗಿಗೆ ದನಿ ದೊಡ್ಡದಾಯಿತು. "ನಾ ಜಮಖಾನಿ ಮ್ಯಾಲ ಕುಂತ್ರ ನಡೀತೈತಿ. ನೀವು ಕುಂತ್ರ ಮೈಲಿಗಿ ಆಗತೈತಿ. ಉಣ್ಣಿಗೆ ಮೈಲಿಗಿ ತಟ್ಟಂಗಿಲ್ಲ, ಅದಕ್ಕ ನಿಮಗ ಕಂಬಳಿ."

ಶಾಂತಾ ತಂದೆಯ ಮುಖ ನೋಡಿದಳು. ದುರ್ಗಪ್ಪನವರು ಅಪ್ಪನ ಮುಖ ನೋಡಿದರು.

"ಖರೇ ಏನ್ರಿ?"

"ಏ, ಹುಡುಗಿ ಮಾತ್ರಿ ಅದು" ಎಂದ ಅಪ್ಪ. "ನಮ್ಮವ್ವ ಹಳೇ ಕಾಲದಾಕಿ. ನನಗ ಅಂಥಾದ್ದೆಲ್ಲ ಏನಿಲ್ಲ."

"ಮತ್ತ ಕುಂದ್ರಸಿದವ್ರು ನೀವಲ್ಲೇನ್ರಿ?"

ಜಮಖಾನೆಯ ಮೇಲಿದ್ದ ಒಬ್ಬರು, ಕಂಬಳಿ ಅಂದ್ರೆ ಮರ್ಯಾದೆಯೇ, ಅದರಲ್ಲಿ ಸಿಟ್ಟಾಗುವಂಥದ್ದು ಏನಿದೆ ಎಂದರು. ಇನ್ನೊಬ್ಬರು, ಇಂಥ ಸಣ್ಣ ವಿಷಯ ಹಿಡಿದು ಕೂತರೆ ದೊಡ್ಡ ಕೆಲಸ ಕೆಡುತ್ತದೆ ಎಂದರು. ಅಪ್ಪನಿಗೆ ಧೈರ್ಯ ಬಂತು.

"ದುರ್ಗಪ್ಪನವರ, ಈಗ ನಾವೆಲ್ಲಾ ಒಂದ. ಮರಾಠಿಯವರು ನಮ್ಮನ್ನೆಲ್ಲಾ ಒಂದ ತಕ್ಕಡ್ಯಾಗ ಹಾಕಿ ತೂಗತಾರ."

"ಅವರು ಒಂದ ತಕ್ಕಡ್ಯಾಗ ಹಾಕತಾರ, ಖರೆ" ಎಂದರು ದುರ್ಗಪ್ಪನವರು. "ಎರಡ ಹಾಸಿಗಿ ಹಾಸಿದವ್ರು ನೀವು. ನಾ ಅಲ್ಲಿ ಹೋಗಿ ಯಾರ ಮ್ಯಾಲ ಫಿರ್ಯಾದಿ ಹೇಳ್ಳಿ?"

ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅವ್ವ ಅವಲಕ್ಕಿಯ ತಾಟು ಹಿಡಿದು ಬಾಗಿಲಿಗೆ ಬಂದಾಗ ಅವರು ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. "ತಂಗೀ, ತ್ರಾಸ ಆತು ನಿನಗ" ಎಂದು ಅವ್ವನಿಗೆ ಹೇಳಿ, ಶಾಂತಾಳನ್ನು ಕರೆದುಕೊಂಡು ಹೊರಟುಹೋದರು. ಶಾಂತಾ ತಿರುಗಿ ನೋಡಲಿಲ್ಲ.

ಅಪ್ಪ ನನ್ನ ಕಿವಿ ಹಿಡಿದ. "ನಾಲಿಗಿ ಬಿಗಿ ಹಿಡದ್ರ ಏನಾಕ್ಕಿತ್ತು? ಈಗ ಅಲ್ಲಿ ಮಾತಾಡಾವ್ರು ಯಾರು?"

"ಹುಡುಗಿ ಕಿವಿ ಬಿಡ್ರಿ" ಎಂದಳು ಅವ್ವ. "ಆಕಿ ಸುಳ್ಳು ಹೇಳ್ಯಾಳೇನು? ಯಂಡುಗುಂಡು ಅಂದಿದ್ದಕ್ಕ ಊಟಾ ಬಿಟ್ರಿ ನೀವು. ಅವರು ಇವತ್ತ ಉಣ್ತಾರೇನು?"

"ಅದು ಬ್ಯಾರೆ, ಇದು ಬ್ಯಾರೆ" ಎಂದ ಅಪ್ಪ. ಆ ಒಂದು ಮಾತಿನ ಮೇಲೆ ಅವ್ವ, ಅಪ್ಪ ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಬಹಳ ವರ್ಷ ನನ್ನ ತಪ್ಪು ಬಾಯಿಬಿಟ್ಟದ್ದು ಎಂದೇ ನಾನು ತಿಳಿದಿದ್ದೆ. ಈಗ ನಾಚಿಕೆಯಾಗುವುದು ಅದಕ್ಕಲ್ಲ. ಉಣ್ಣೆ ಬೆಚ್ಚಗಿರುತ್ತದೆ ಎಂಬುದು ಎಷ್ಟು ಸಹಜವಾಗಿ ಗೊತ್ತಿತ್ತೋ ಇದೂ ಅಷ್ಟೇ ಸಹಜವಾಗಿ ನನಗೆ ಗೊತ್ತಿತ್ತು. ನನ್ನ ಗೆಳತಿ ಕೂತರೆ ಹಾಸು ಕೆಡುತ್ತದೆ ಎಂಬ ಮಾತು ಬಾಯಿಂದ ಹೊರಬರುವಾಗ ಗಂಟಲಲ್ಲಿ ಎಲ್ಲೂ ತಡೆಯಲಿಲ್ಲ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಕೂತಲ್ಲಿ ಕೂರಲಾಗುವುದಿಲ್ಲ.

ಮರುದಿನ ಸಾಲೆಯಲ್ಲಿ ಶಾಂತಾ ನಮ್ಮ ಎಂದಿನ ಜಾಗದಲ್ಲೇ ಕೂತಿದ್ದಳು. ನನಗೆ ಸಮಾಧಾನವಾಯಿತು. ಹೋಗಿ ಪಕ್ಕದಲ್ಲಿ ಕೂರಬೇಕು ಎನ್ನುವಷ್ಟರಲ್ಲಿ ಅವಳು ತನ್ನ ಪಾಟಿಚೀಲವನ್ನು ಎತ್ತಿಕೊಂಡು ಸರಿದಳು.

"ತುಮ್ಹೀ ಬಸಾ" ಎಂದಳು.

ನೀವು ಕೂತುಕೊಳ್ಳಿ ಎಂದು, ಮರಾಠಿಯಲ್ಲಿ. ಬಜಾರಿನಲ್ಲಿ ಬೇಕಾಗುತ್ತದೆಂದು ಬೇವಿನ ಗಿಡದ ಕೆಳಗೆ ಕೂತು ಅವಳಿಗೆ ಮರಾಠಿ ಕಲಿಸಿದವಳು ನಾನೇ. ಗೆಳತಿಗೆ "ತೂ" ಅನ್ನಬೇಕು, ಪರಕೀಯರಿಗೆ "ತುಮ್ಹೀ" ಅನ್ನಬೇಕು ಎಂಬುದನ್ನೂ ಕಲಿಸಿದ್ದೆ. ತಪ್ಪಿಲ್ಲದೆ ಕಲಿತಿದ್ದಳು.

"ಶಾಂತಾ, ಕನ್ನಡದಾಗ ಮಾತಾಡ" ಎಂದೆ. ಅಳು ಬಂದಿತ್ತು.

ಅವಳು ಆ ನಗು ಬರುವ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು. ಆಮೇಲೆ ಇದ್ದಷ್ಟು ದಿನವೂ ನನ್ನ ಹತ್ತಿರ ಕನ್ನಡ ಮಾತಾಡಲಿಲ್ಲ. ಉಳಿದ ಹುಡುಗಿಯರ ಜೊತೆ ಅದೇ ಬಾಗಲಕೋಟೆಯ ಕನ್ನಡ, ಅದೇ ಚೇಷ್ಟೆ. ನಾನು ಹತ್ತಿರ ಹೋದೊಡನೆ ಮರಾಠಿ, ಬಹುವಚನ. ಆಯೋಗದವರ ಎದುರಿಗೆ ಬೇರೆ ಯಾರೋ ತಡವರಿಸಿಕೊಂಡು ಮಾತಾಡಿ ಬಂದರಂತೆ. ಮಿರಜ ಇದ್ದಲ್ಲೇ ಉಳಿದು ಆಮೇಲೆ ಮಹಾರಾಷ್ಟ್ರಕ್ಕೆ ಹೋಯಿತು. ದುರ್ಗಪ್ಪನವರು ಹುಬ್ಬಳ್ಳಿಗೆ ಬದಲಿ ಮಾಡಿಸಿಕೊಂಡು ಹೋದರು.

ಈಗ ನಾನು ಸಾಂಗಲಿಯ ವಿಶ್ರಾಮಬಾಗದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಮದುವೆ ಮುಂಜಿಗಳಲ್ಲಿ ನಮ್ಮ ಮಂದಿ ಸೇರಿದಾಗ ಇಲ್ಲಿ ಕನ್ನಡ ಹೇಗೆ ಹೋಯಿತೆಂದು ಮರಾಠಿಯಲ್ಲೇ ಹಳಹಳಿಸುತ್ತಾರೆ. ಗೆರೆ ಎಳೆದವರನ್ನು ಬೈಯುತ್ತಾರೆ, ಸರಕಾರವನ್ನು ಬೈಯುತ್ತಾರೆ. ನನ್ನನ್ನೂ ಕೇಳುತ್ತಾರೆ, "ಕಾಕೂ, ನೀವಾದರೂ ಹೇಳಿ." ನಾನು ಎಲೆಯ ಮೇಲಿನ ಅನ್ನ ಕಲಸುತ್ತೇನೆ. ನನ್ನ ಪಾಲಿನ ಕನ್ನಡವನ್ನು ಯಾವ ಸರಕಾರವೂ ಕಿತ್ತುಕೊಳ್ಳಲಿಲ್ಲ.

ಇದಿಷ್ಟನ್ನು ಕನ್ನಡದಲ್ಲಿ ಬರೆದಿದ್ದೇನೆ, ಎಲ್ಲಿಯಾದರೂ ಶಾಂತಾಳ ಕಣ್ಣಿಗೆ ಬೀಳಲಿ ಎಂದು. ಬಿದ್ದರೂ ಅವಳು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ ಎಂಬುದು ನನಗೆ ಗೊತ್ತಿದೆ.